ಇಟಲಿಯ ಮನೆತನ ನೋಡಿದ್ದು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮಾಸ್ತರನಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಇಂಗ್ಲಿಷ್ ಮಾತಾಡುವವರು ಎದುರಿಗೆ ಬಂದು ನಿಲ್ಲುವವರೆಗೆ ಮಾತ್ರ ತನಗೆ ಇಂಗ್ಲಿಷ್ ಬರುತ್ತದೆ ಎಂಬುದೇ ಆ ಗುಟ್ಟು. ನಾನು ಇದನ್ನು ರೋಣದಲ್ಲಿ ಹದಿನಾಲ್ಕು ವರ್ಷ, ನರಗುಂದದಲ್ಲಿ ಹದಿನಾರು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದು, ಗಜೇಂದ್ರಗಡದ ಸ್ವಂತ ಮನೆಯಲ್ಲಿ ನಿವೃತ್ತನಾಗಿ ಕೂತಿದ್ದೆ. ಓಣಿಯವರು ಔಷಧದ ಡಬ್ಬಿಯನ್ನೋ ಮಿಕ್ಸರಿನ ಗ್ಯಾರಂಟಿ ಕಾರ್ಡನ್ನೋ ಹಿಡಿದುಕೊಂಡು ಬಂದರೆ ಕನ್ನಡಕ ಏರಿಸಿ ಓದುತ್ತಿದ್ದೆ. ಅರ್ಥವಾಗದ ಕಡೆ ಗಂಭೀರವಾಗಿ ತಲೆಯಾಡಿಸಿ, "ಬಿಸಿಲಿಗೆ ಇಡಬ್ಯಾಡ್ರಿ" ಎನ್ನುತ್ತಿದ್ದೆ. ಔಷಧಕ್ಕೂ ಮಿಕ್ಸರಿಗೂ ಅದು ಸರಿಹೊಂದುವ ಮಾತು. ಯಾರೂ ತಿರುಗಿ ಬಂದು ಜಗಳ ತೆಗೆಯಲಿಲ್ಲ. ಹೀಗೆ ಮಾನವಾಗಿ ದಿನ ಕಳೆಯುತ್ತಿದ್ದಾಗ ಇಟಲಿಯಿಂದ ಗಂಡ ಹೆಂಡತಿ ಇಬ್ಬರು ಬಂದರು.

ಅವರು ಯಾಕೆ ಬಂದರು ಎಂಬುದನ್ನು ಹೇಳಬೇಕು. ನಮ್ಮ ಹಿಂದಿನ ಓಣಿಯಲ್ಲಿ ಒಂದು ಮಕ್ಕಳ ಮನೆ ಇದೆ. ಹೆತ್ತವರಿಲ್ಲದ ಮಕ್ಕಳನ್ನು ಸಾಕಿ, ಕಾಯ್ದೆ ಪ್ರಕಾರ ದತ್ತು ಕೊಡುತ್ತಾರೆ. ನನ್ನ ಹೆಂಡತಿ ಕಮಲಾ ನಮ್ಮ ಈ ಮನೆ ಮುಗಿದಾಗಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ನಮಗೆ ಮಕ್ಕಳಿಲ್ಲ. ಆಕೆಗೆ ಮಾತ್ರ ಒಂದು ಬಸ್ಸು ತುಂಬುವಷ್ಟಿದ್ದಾರೆ. ಅವರಲ್ಲಿ ಐದು ವರ್ಷದ ನೀಲಾ ಎಂಬವಳು ಕಮಲಾಳ ಸೆರಗು ಬಿಟ್ಟು ಇರುವವಳೇ ಅಲ್ಲ, ಹಗಲೆಲ್ಲ ನಮ್ಮ ಮನೆಯಲ್ಲೇ. ಕಮಲಾಳನ್ನು "ಆಯಿ", ಅಂದರೆ ಅಜ್ಜಿ, ಎನ್ನುತ್ತಾಳೆ, ನನ್ನನ್ನು "ಅಜ್ಜಾ" ಎನ್ನುತ್ತಾಳೆ, ಆಯಿ ತಟ್ಟಿದ ಸಜ್ಜಿ ರೊಟ್ಟಿಯನ್ನಲ್ಲದೆ ಬೇರೆಯವರ ರೊಟ್ಟಿಯನ್ನು ಮೂಸಿಯೂ ನೋಡುವುದಿಲ್ಲ. ಆ ನೀಲಾಳನ್ನು ಕರೆದೊಯ್ಯಲು ಬಂದವರು ಮಾರ್ತಾ ಮತ್ತು ಲೂಕಾ. ಕಮಲಾ ಮೊದಲನೇ ದಿನವೇ ಅವರನ್ನು ಮಾರ್ತವ್ವ, ಲೂಕಪ್ಪ ಎಂದು ಕರೆದು ಸುತ್ತಲಿನ ಹಳ್ಳಿಯವರನ್ನಾಗಿ ಮಾಡಿಬಿಟ್ಟಳು. ಆದೇಶ, ಮೊಹರು, ಸಹಿ ಎಲ್ಲ ಮುಗಿದಿತ್ತು. ನೀಲಾಳ ಪಾಸ್‌ಪೋರ್ಟ್ ಬರುವುದೊಂದೇ ಬಾಕಿ. ಅದು ಬರುವ ತನಕ ಅವರು ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿದ್ದು, ದಿನಾ ಮುಂಜಾನೆ ನಮ್ಮ ಮನೆಗೆ ಬಂದು ನೀಲಾಳ ಜೊತೆ ಆಡಿ ರೂಢಿ ಮಾಡಿಕೊಳ್ಳಬೇಕು ಎಂದು ಮಕ್ಕಳ ಮನೆಯ ಮೇಡಂ ಗೊತ್ತುಮಾಡಿದ್ದರು. "ಕೂಸು ಅಳಕೋತ ಹೋಗಬಾರ್ದ್ರಿ ಕಮಲಾಬಾಯಾರ. ನಿಮ್ಮ ಮಾತು ಕೇಳತೈತಿ, ನೀವ ಮನಸ್ಸ ಮಾಡ್ಬೇಕು" ಎಂದು ಕಮಲಾಳಿಗೆ ಹೇಳಿ, ನನ್ನ ಕಡೆ ತಿರುಗಿ, "ಸರ್, ಮಾತಿಗೆ ನೀವು ಅದೀರಲ್ಲ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ದೇವರ ದಯೆಯಿಂದ ಅವರ ಇಂಗ್ಲಿಷೂ ನನ್ನದರ ಹಾಗೆ ಮನೆಯಲ್ಲೇ ಮಾಡಿದ್ದಾಗಿತ್ತು. ಅವರು ನಾಲ್ಕು ಶಬ್ದ ಹುಡುಕುತ್ತಿದ್ದರು, ನಾನು ನಾಲ್ಕು ಹುಡುಕುತ್ತಿದ್ದೆ, ಕೈಯಾಡಿಸಿ ಉಳಿದದ್ದನ್ನು ಮುಗಿಸುತ್ತಿದ್ದೆವು. ಎರಡು ದಿನದಲ್ಲಿ ನನಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ತಪ್ಪಾಯಿತು, ನಾನು ಎಲ್ಲರ ಮಾತನ್ನೂ ಸುಧಾರಿಸತೊಡಗಿದೆ. ಯಾರಿಗೂ ನೋವಾಗಬಾರದು ಎಂಬ ಒಳ್ಳೆಯ ಉದ್ದೇಶ, ಅಷ್ಟೇ. ಕಮಲಾ, "ಈ ಮಾರ್ತವ್ವ ಏನ್ ಇಷ್ಟ ಸಣಕಲಿ ಅದಾಳ, ಕೂಸಿನ್ನ ಎತ್ತಿಕೊಳ್ಳಾಕ ಕಸು ಐತೋ ಇಲ್ಲೋ" ಎಂದರೆ ನಾನು, "ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುತ್ತಾಳೆ" ಎನ್ನುತ್ತಿದ್ದೆ. ಮಾರ್ತಾ ಸಂತೋಷಪಟ್ಟು ನಮಸ್ಕಾರ ಮಾಡುತ್ತಿದ್ದಳು. ಲೂಕಾ ನಮ್ಮ ಮಿರ್ಚಿ ಭಜಿ ಕಚ್ಚಿ ಕಣ್ಣು ಮೂಗು ಎಲ್ಲ ಸೋರಿಸಿಕೊಂಡು ಇಟಲಿ ಭಾಷೆಯಲ್ಲಿ ಏನೋ ಕೂಗಿದಾಗಲೂ, "ಭಾಳ ರುಚಿ ಐತಂತ" ಎಂದೆ. ಕಮಲಾ ಇನ್ನೆರಡು ಬಡಿಸಿದಳು.

ನೀಲಾ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಗೊಂಬೆ ತಗೊಂಡಳು, ಚಾಕಲೇಟು ತಗೊಂಡಳು, ತಗೊಂಡು ಹೋಗಿ ಆಯಿಯ ಬೆನ್ನಿಗೆ ನಿಂತಳು. ಮಾರ್ತಾ ಕೈ ಚಾಚಿದರೆ ಕುಂಯ್ ಎಂದು ಶುರುಮಾಡುತ್ತಿದ್ದಳು. ಒಂದು ದಿನ ಗೊಂಬೆಯ ಕಾಲು ಹಿಡಿದುಕೊಂಡು ನನ್ನನ್ನೇ ಕೇಳಿದಳು: "ಅಜ್ಜಾ, ಅಲ್ಲಿಗೆ ಆಯಿನೂ ಬರ್ತಾಳೇನು?" ಮಾರ್ತಾ ಆಸೆಯಿಂದ ನನ್ನ ಮುಖ ನೋಡಿದಳು, ಮಗು ಏನಂತು ಎಂದು. ನಿಮ್ಮ ದೇಶ ಎಷ್ಟು ದೂರ ಎಂದು ಕೇಳುತ್ತಿದೆ ಎಂದೆ. ಮಾರ್ತಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಭೂಮಿ, ಸಮುದ್ರ, ವಿಮಾನ ಎಲ್ಲ ಬರೆದು ತೋರಿಸಿದಳು. ನೀಲಾ ಅದನ್ನು ನೋಡಿ, ತನ್ನ ಪ್ರಶ್ನೆಗೆ ಇದೇ ಉತ್ತರವೆಂದು ತಿಳಿದು, ಹೋ ಎಂದು ಅಳತೊಡಗಿದಳು.

ಅವತ್ತು ಮಧ್ಯಾಹ್ನ ಅವರು ಹೋದ ಮೇಲೆ ಕಮಲಾ ನನ್ನ ಮುಂದೆ ಬಂದು ನಿಂತಳು.

"ಏನ್ರಿ, ಅವರು ನಮ್ಮ ಹುಡುಗಿನ್ನ ನೋಡಿ ಹೋದ್ರು. ಅವರ ಮನೆತನ ನಾವು ನೋಡಿಲ್ಲಲ್ಲ?"

"ಅವರ ಸರಕಾರದವರು ಮನಿಗೆ ಬಂದು ನೋಡಿ, ಇಷ್ಟ ದಪ್ಪ ಫೈಲ್ ಬರ್ದು ಕಳಿಸ್ಯಾರ" ಎಂದು ನಾನು ಬೆರಳಲ್ಲಿ ಅಳತೆ ತೋರಿಸಿದೆ.

"ಅದು ಅವರ ಕಡಿ ಆಫೀಸರು. ನಮ್ಮ ಕಡಿಂದ ಯಾರ ಹೋಗಿದ್ರು?"

ನಮ್ಮ ಕಡೆ ಹುಡುಗಿಯನ್ನು ಒಂದು ಮನೆಗೆ ಕೊಡುವ ಮುಂಚೆ ಹೆಣ್ಣಿನ ಕಡೆಯವರು ಹೋಗಿ ಆ ಮನೆ ನೋಡಿ ಬರಲೇಬೇಕು. ನನ್ನ ಮದುವೆಗೆ ಮುಂಚೆ ಕಮಲಾಳ ಸೋದರಮಾವ ರಾಜೂರಿನಿಂದ ಬಂದಿದ್ದ. ದೊಡ್ಡ ಮೀಸೆಯ ಆಸಾಮಿ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಡಿಗ್ರಿ ಸರ್ಟಿಫಿಕೇಟನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಕಾಯುತ್ತಿದ್ದೆ. ಆತ ನೆಟ್ಟಗೆ ಹಿತ್ತಲಿಗೆ ಹೋಗಿ, ನೀರಿನ ಟಾಕಿಯ ಮುಚ್ಚಳ ತೆಗೆದು, ಮೊಣಕೈ ತನಕ ಕೈ ಇಳಿಬಿಟ್ಟು, ತಳ ಸಿಗದಿದ್ದಾಗ ಹೂಂ ಎಂದ. ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆಂದು ನನ್ನ ತಾಯಿಯನ್ನು ಕೇಳಿದ. ಒಂದು ತಂಬಿಗೆ ಕುಡಿದ. ಚಹಾ ಮುಗಿಸಿ ಹೋಗಿ, ಮನೆತನ ಚಲೋ ಐತಿ ಎಂದು ಸುದ್ದಿ ಕೊಟ್ಟ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಟಾಕಿಯನ್ನು ಒಪ್ಪಿದ ಮೇಲೆ ವರನನ್ನು ಒಪ್ಪದಿರಲು ಆತನಿಗೆ ಕಾರಣ ಕಾಣಲಿಲ್ಲ ಎಂದು ತೋರುತ್ತದೆ. ಆ ಸರ್ಟಿಫಿಕೇಟನ್ನು ಇವತ್ತಿಗೂ ನಮ್ಮ ಬೀಗರ ಪೈಕಿ ಯಾರೂ ನೋಡಿಲ್ಲ.

ಮರುದಿನ ಪಾಸ್‌ಪೋರ್ಟ್ ಬಂದ ಸುದ್ದಿ ಬಂತು. ಎರಡು ದಿನದಲ್ಲಿ ಹೊರಡಬೇಕು. ಮಾರ್ತಾ ಕೈ ಮುಗಿದು ಕುಣಿದಳು, ನೀಲಾ ಕಮಲಾಳ ಕಾಲು ಅಪ್ಪಿಕೊಂಡು ಬಿಡಲೊಲ್ಲಳು. ಮಾರ್ತಾಳ ಕುಣಿತ ಅಲ್ಲಿಗೇ ನಿಂತಿತು. ಕಮಲಾ ಸೆರಗು ಸಿಗಿಸಿಕೊಂಡು ಹೇಳಿದಳು: "ಲೂಕಪ್ಪಗ ಹೇಳ್ರಿ, ಫೋನ್ ಹಚ್ಚಿ ಮನಿ ತೋರಸಂತ. ಮನಿ ನೋಡದ ನಾ ಕೂಸಿಗೆ ಹೋಗಂತ ಹೇಳಂಗಿಲ್ಲ." ಈ ಮಾತನ್ನು ನಾನು ಇಂಗ್ಲಿಷಿನಲ್ಲಿ ಎಷ್ಟು ಸುಧಾರಿಸಿದೆನೆಂದರೆ, ಅವರು ಅದನ್ನು ಗೌರವವೆಂದೇ ಭಾವಿಸಿ ಕೂಡಲೇ ಫೋನ್ ಹಚ್ಚಿದರು.

ಅಲ್ಲಿ ಆಗಷ್ಟೇ ನಸುಕು ಹರಿದಿತ್ತು. ಲೂಕಾನ ತಾಯಿ ಫೋನೆತ್ತಿದಳು. ಬಿಳಿ ಕೂದಲಿನ ಗುಂಡಗಿನ ಮುದುಕಿ. ಮೊದಲು ನಮಗೆ ಆಕೆಯ ಹೆಬ್ಬೆರಳು, ಆಮೇಲೆ ಮನೆಯ ಜಂತಿ, ಆಮೇಲೆ ಒಂದು ಕಿವಿ ಕಾಣಿಸಿದವು. ಕಮಲಾ ಕನ್ನಡದಲ್ಲೇ ಅಪ್ಪಣೆ ಕೊಡುತ್ತ ಹೋದಳು: "ಅಡಗಿಮನಿ ತೋರಸ್ರಿ. ಹಿತ್ತಲಾ ಐತೇನು? ಮಲಗೋ ಖೋಲಿ ಎಲ್ಲಿ?" ನಾನು ಇಂಗ್ಲಿಷ್ ಮಾಡಿ ಲೂಕಾನಿಗೆ ಕೊಡಬೇಕು, ಅವನು ಇಟಲಿ ಭಾಷೆ ಮಾಡಿ ತಾಯಿಗೆ ಕೊಡಬೇಕು. ನನ್ನ ವಾಕ್ಯ ಮುಗಿಯುವುದರೊಳಗೆ ಮುದುಕಿ ಅಡುಗೆಮನೆಗೆ ಹೋಗಿ ಮುಟ್ಟಿರುತ್ತಿದ್ದಳು. ನೀಲಾಳಿಗೆಂದು ಸಿಂಗರಿಸಿದ ಕೋಣೆ, ಚಿಟ್ಟೆಯ ಚಿತ್ರದ ಹೊದಿಕೆ ನೋಡಿ ಕಮಲಾ, "ಅಷ್ಟ ದೊಡ್ಡ ಖೋಲ್ಯಾಗ ಒಬ್ಬಾಕೀನ ಮಲಗಬೇಕೇನು?" ಎಂದು ಮುಖ ಸಣ್ಣ ಮಾಡಿದಳು. ಹಾಸಿಗೆ ಬಹಳ ಚೆನ್ನಾಗಿದೆ ಎನ್ನುತ್ತಾಳೆ ಎಂದು ನಾನು ಲೂಕಾನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಮುದುಕಿ ಕಮಲಾಳ ಮುಖ ನೋಡಿಯೇ ತಿಳಿದುಕೊಂಡು, ಫೋನನ್ನು ತನ್ನ ಕೋಣೆಗೆ ಒಯ್ದು, ತನ್ನ ದಿಂಬಿನ ಪಕ್ಕದಲ್ಲಿ ಇನ್ನೊಂದು ಸಣ್ಣ ದಿಂಬು ಇಟ್ಟು ತಟ್ಟಿ ತೋರಿಸಿದಳು. ಕಮಲಾ "ಹಾಂ, ಹಂಗ ಮಾಡ್ರಿ ಅವ್ವಾರ" ಎಂದಳು. ಮುದುಕಿ ತಲೆಯಾಡಿಸಿದಳು. ನನಗೆ ಮಾಡಲು ಏನೂ ಉಳಿಯಲಿಲ್ಲ.

"ನೀರು?" ಎಂದಳು ಕಮಲಾ, ಹೆಬ್ಬೆರಳನ್ನು ಬಾಯಿಗೆ ಹಿಡಿದು. ಮುದುಕಿ ಅಡುಗೆಮನೆಗೆ ಬಂದು ನಳ ತಿರುವಿದಳು. ನೀರು ದಬದಬ ಸುರಿಯಿತು. ಮುದುಕಿ ನಮ್ಮ ಕಡೆ ನೋಡಿ ನಕ್ಕಳು, ನಳ ಬಂದ್ ಮಾಡಲಿಲ್ಲ. "ಬಂದ್ ಮಾಡ್ರಿ, ಬಂದ್ ಮಾಡ್ರಿ! ಹರದ ಹೊಂಟತಿ!" ಎಂದು ಕಮಲಾ ಗಜೇಂದ್ರಗಡದಿಂದ ಕೂಗಿದಳು. ಆಗ ಇಷ್ಟು ಹೊತ್ತು ಸೆರಗಿನೊಳಗಿದ್ದ ನೀಲಾ ತಲೆ ಹೊರಗೆ ಹಾಕಿ, ಫೋನು ನೋಡಿ, ನಮ್ಮ ಓಣಿಯ ಹೆಂಗಸರು ಕೂಗುವ ದನಿಯಲ್ಲೇ, "ನಳಾ ಬಂತು! ನಳಾ ಬಂತು! ಆಯಿ, ಕೊಡಾ ತಾ!" ಎಂದು ಎರಡು ಸಲ ಜಿಗಿದಳು. ಮುದುಕಿ ಗಾಬರಿಯಾಗಿ ಕೈಗೆ ಸಿಕ್ಕ ಪಾತ್ರೆಯನ್ನು ನಳದ ಕೆಳಗೆ ಹಿಡಿದಳು. ತುಂಬಿತು. ಇನ್ನೊಂದು ಹಿಡಿಯಲು ನೀಲಾ ಹೇಳಿದಳು. ಅದೂ ತುಂಬಿತು. ನಾಲ್ಕನೆಯ ಪಾತ್ರೆಯ ಹೊತ್ತಿಗೆ ನೀಲಾ ಫೋನು ಸರಿಯಾಗಿ ಕಾಣಲೆಂದು ಮಾರ್ತಾಳ ತೊಡೆ ಏರಿ ಕೂತಿದ್ದಳು. ಮಾರ್ತಾ ಉಸಿರು ಬಿಗಿಹಿಡಿದು, ಅಲ್ಲಾಡದೆ ಕೂತಿದ್ದಳು.

ಸಂಜೆ ಕಮಲಾ ನೀಲಾಳನ್ನು ಎದುರಿಗೆ ಕೂಡಿಸಿಕೊಂಡು ಹೇಳಿದಳು: "ನೋಡವಾ, ಆಯಿ ಬರಂಗಿಲ್ಲ. ಮನಿ ನಾ ನೋಡೀನಿ. ಚಲೋ ಐತಿ. ಅಲ್ಲಿ ಇನ್ನೊಬ್ಬಾಕಿ ಆಯಿ ಅದಾಳ, ನಿನಗ ದಿಂಬ ಇಟ್ಟಾಳ. ನೀ ಹೋಗು." ನೀಲಾ ಸ್ವಲ್ಪ ಅತ್ತಳು, ಆಮೇಲೆ ಗೊಂಬೆ ಹುಡುಕಿಕೊಂಡು ಹೋದಳು. ಹಿಂದಿನ ದಿನ ನಾನು ದಾಟಿಸಲಾರದೆ ಮುಚ್ಚಿಟ್ಟ ಉತ್ತರವನ್ನು ಕಮಲಾ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

ಹೊರಡುವ ದಿನ ಮುಂಜಾನೆ ಕಮಲಾ ಮಾರ್ತಾಳಿಗೆ ನಮ್ಮೂರ ಪಟ್ಟೇದಂಚಿನ ಸೀರೆ ಸುತ್ತಿ, ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಕೊನೆಗೆ ನೀಲಾಳನ್ನೂ ಎತ್ತಿ ಅದೇ ಉಡಿಯಲ್ಲಿ ಕೂಡಿಸಿದಳು. ಮಾರ್ತಾಳ ಕಣ್ಣಿಂದ ನೀರು ಇಳಿಯಿತು. ಆಕೆ ನನ್ನ ಕಡೆ ತಿರುಗಿ, ಒಂದೊಂದೇ ಶಬ್ದ ಹುಡುಕಿ, ಕಮಲಾಳನ್ನು ಕೇಳಲು ಹೇಳಿದಳು: ಇಷ್ಟು ಪ್ರೀತಿ ಇರುವ ನೀವು ನಿಮಗೇ ಒಂದು ಮಗುವನ್ನು ಯಾಕೆ ತಂದುಕೊಳ್ಳಲಿಲ್ಲ?

"ನಿನ್ನ ಕೈ ಅಡಗಿ ಭಾಳ ಚಲೋ ಐತಿ ಅಂತಾರ" ಎಂದೆ.

ಕಮಲಾ ನನ್ನನ್ನು ನೋಡಿದಳು. "ಅಡಗಿ ಸುದ್ದಿ ಹೇಳೋರ ಕಣ್ಣಾಗ ಇಷ್ಟ ನೀರ ಬರಂಗಿಲ್ರಿ. ಖರೇ ಏನ್ ಕೇಳಿದ್ಲು ಹೇಳ್ರಿ."

ಹೇಳಿದೆ. ಕಮಲಾ ಸಿಟ್ಟಾಗಲಿಲ್ಲ. ನೀಲಾಳ ಲಂಗ ಸರಿಮಾಡುತ್ತ, ಸಾದಾ ದನಿಯಲ್ಲಿ ಅಂದಳು: "ಹೇಳ್ರಿ ಆಕೀಗೆ. ಇಪ್ಪತ್ತ ವರ್ಷದ ಹಿಂದ ನಾ ಕೇಳಿದ್ದೆ. ಇದ ಮಕ್ಕಳ ಮನ್ಯಾಗ ಒಂದು ಕೂಸಿತ್ತು. ನಮ್ಮ ಮನಿಯವರು ವಿಚಾರ ಮಾಡೋಣು ಅಂದ್ರು. ವರ್ಗ ಎಲ್ಲಿಗಾಗತೈತೋ ಗೊತ್ತಾಗ್ಲಿ ಅಂದ್ರು, ನರಗುಂದಕ್ಕಾತು. ಮನಿ ಕಟ್ಟೂದು ಮುಗೀಲಿ ಅಂದ್ರು, ಅದೂ ಮುಗೀತು. ಆಮ್ಯಾಲ ನೋಡಿದ್ರ ನಮ್ಮ ವಯಸ್ಸು ಕಾಯ್ದೆ ದಾಟಿತ್ತು."

ಇದೊಂದನ್ನು ನಾನು ಸುಧಾರಿಸಲಿಲ್ಲ. ಆಕೆ ಹೇಳಿದಂತೆಯೇ ಹೇಳಿದೆ. ನನ್ನ ಗಂಡ ವಿಚಾರ ಮಾಡೋಣ ಎಂದರು, ನನ್ನ ಗಂಡ ಮನೆ ಮುಗಿಯಲಿ ಎಂದರು ಎಂದು ನನ್ನ ಬಾಯಿಂದಲೇ ಬಂತು. ನಗುವ ಮಾತೇ ಅದು, ಯಾರೂ ನಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾನು ಹೆದರಿದ್ದೆ. ಯಾವುದಕ್ಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮಾರ್ತಾ ಕಮಲಾಳ ಕೈ ಹಿಡಿದುಕೊಂಡಳು. ಲೂಕಾ ಪಾಪ, ಒಳ್ಳೆಯವನು, ನನ್ನನ್ನು ನೋಡದೆ ಸೂಟ್‌ಕೇಸಿನ ಬೆಲ್ಟು ಬಿಗಿಯತೊಡಗಿದ.

ಮಕ್ಕಳ ಮನೆಯ ಆಫೀಸಿನಲ್ಲಿ ಕೊನೆಯ ರಿಜಿಸ್ಟರು ಒಂದಿತ್ತು. ಇಬ್ಬರು ಸಾಕ್ಷಿ ಬೇಕು. ಹೆಸರು, ಸಹಿ, ಪಕ್ಕದಲ್ಲಿ "ಮಗುವಿಗೆ ಏನಾಗಬೇಕು" ಎಂದು ಒಂದು ಕಲಂ. ಕಮಲಾ ಪೆನ್ನು ತಗೊಂಡು ತನ್ನ ಹೆಸರಿನ ಮುಂದೆ "ಆಯಿ" ಎಂದು ಬರೆದು, ನನ್ನ ಕಡೆ ಸರಿಸಿ, ಕಾರಿನ ಹತ್ತಿರ ಓಡಿದಳು. ನಾನು ಸಹಿ ಮಾಡಿ ಆ ಕಲಮಿಗೆ ಬಂದು ನಿಂತೆ. ಹೊರಗೆ ನೀಲಾ ಕಾರಿನ ಕಿಟಕಿಯಿಂದ "ಅಜ್ಜಾ, ಬಾ" ಎಂದು ಕರೆಯುತ್ತಿದ್ದಳು. ಅಳುತ್ತಿರಲಿಲ್ಲ.

"ಲಗೂ ಬರೀರಿ ಸರ್, ಗಾಡಿ ನಿಂತೈತಿ" ಎಂದರು ಮೇಡಂ. "ಇದರಾಗ ವಿಚಾರ ಮಾಡೋದೇನೈತಿ?"

ನಾನು "ದುಭಾಷಿ" ಎಂದು ಬರೆದೆ. ಮೇಡಂ ಓದಿ, ಸರಿಯಾಯಿತು ಎಂದು ಅದರ ಮೇಲೆ ಮೊಹರು ಒತ್ತಿದರು.