ಇಳಕಲ್ ಕ್ವಾರಿಯಲ್ಲಿ ಕೈಕೊಟ್ಟ ಎಲೆಕ್ಟ್ರಾನ್ ಮಹಾಶಯರಿಗೆ

ವಿದ್ಯಾಗಿರಿ, ಬಾಗಲಕೋಟೆ
ಆಗಸ್ಟ್ 1988

ಮಾನ್ಯರಾದ ಎಲೆಕ್ಟ್ರಾನ್ ಅವರ ಸನ್ನಿಧಾನಕ್ಕೆ,

ಕಣ್ಣಿಗೆ ಕಾಣದಿದ್ದರೂ ಬಲ್ಬಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ನಮ್ಮೂರನ್ನು ನಡೆಸುತ್ತಿರುವ ತಮಗೆ, ಇಲ್ಲಿನ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ತಮ್ಮ ಗುಣಗಾನವನ್ನೇ ಪಾಠವೆಂದು ಒಪ್ಪಿಸುತ್ತ ಬಂದ ಭೌತಶಾಸ್ತ್ರದ ಉಪನ್ಯಾಸಕ ಸಂಗಯ್ಯನ ಸಾಷ್ಟಾಂಗ ನಮಸ್ಕಾರಗಳು.

ತಾವು ಒಂದೇ ವೇಳೆಗೆ ಹಲವು ಕಡೆ ಅಲೆಯಂತೆ ಹರಡಿಕೊಂಡಿರುತ್ತೀರಿ, ಯಾರಾದರೂ ಅಳೆದು ನೋಡಿದಾಗ ಮಾತ್ರ ಆ ಅಲೆ ಕುಸಿದು ಒಂದು ಕಡೆ ಸಿಗುತ್ತೀರಿ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಎರಡು ವರ್ಷಗಳ ಹಿಂದೆ ಹೊರದೇಶದ ಕೆಲವರು, ಯಾರೂ ನೋಡದಿದ್ದರೂ ತಾವು ಯಾವಾಗಲಾದರೊಮ್ಮೆ ತಾವಾಗಿಯೇ ಕುಸಿಯುತ್ತೀರಿ ಎಂದು ಬರೆದರು. ಹಾಗೆ ಕುಸಿದಾಗ ಒಂದಿಷ್ಟು ಶಕ್ತಿ ಚಿಮ್ಮಬೇಕು, ಅದನ್ನು ಹಿಡಿದರೆ ಸಿದ್ಧಾಂತ ನಿಜವೋ ಸುಳ್ಳೋ ತಿಳಿದೀತು ಎಂದುಕೊಂಡು, ವಿಕಿರಣ ಎಣಿಸುವ ಕಾಲೇಜಿನ ಗೈಗರ್ ಕೌಂಟರನ್ನೂ ತಾವು ಕಿಕ್ಕಿರಿದು ತುಂಬಿರುವ ಒಂದು ತಾಮ್ರದ ಗಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಇಳಕಲ್ ಬಸ್ಸು ಹತ್ತಿದೆ. ಆಕಾಶದಿಂದ ಬೀಳುವ ಕಿರಣಗಳ ಕಾಟ ತಪ್ಪಲೆಂದು ಅಲ್ಲಿನ ಹಳೆಯ ಗ್ರಾನೈಟ್ ಕ್ವಾರಿಯ ತಳಕ್ಕಿಳಿದು ಎರಡನ್ನೂ ಪಕ್ಕಪಕ್ಕ ಇಟ್ಟೆ. ತಮ್ಮ ದಯೆ ದೊಡ್ಡದು! ಕೌಂಟರು ಕಾಲೇಜಿನಲ್ಲಿ ಬಡಿದುಕೊಳ್ಳುತ್ತಿದ್ದುದರ ಎರಡು ಪಟ್ಟು ಟಿಕ್‌ಟಿಕ್ ಎಂದಿತು.

ಹಿಗ್ಗಿ ಹೀರೇಕಾಯಿಯಾದ ನಾನು ಪ್ರಿನ್ಸಿಪಾಲ್ ಹೊಳಬಸಪ್ಪನವರಿಗೆ ತಂತಿ ಕಳಿಸಿದೆ. ಅವರು ಮೂರನೆಯ ದಿನಕ್ಕೇ ಸನ್ಮಾನ ಗೊತ್ತುಮಾಡಿ, ನಾನು ಆರು ವರ್ಷಗಳಿಂದ ಕಾದಿದ್ದ ವಿಭಾಗದ ಮುಖ್ಯಸ್ಥನ ಪದವಿಯನ್ನೂ ಅಂದೇ ಘೋಷಿಸುತ್ತೇನೆಂದು ಮರುತಂತಿ ಕಳಿಸಿದರು.

ಕ್ವಾರಿಯ ತಳದಲ್ಲಿ ಕೌಂಟರಿನ ಪಕ್ಕ ಕೂತು ಆ ತಂತಿ ಓದಿಕೊಳ್ಳುತ್ತಿದ್ದಾಗ, ಮೇಲಿನ ಶೆಡ್ಡಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಶಮಶಾದಬಿಯವರು ಸದ್ದೇನೆಂದು ನೋಡಲು ಇಳಿದು ಬಂದರು. ನಾನು ಸಂಭ್ರಮದಿಂದ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ ಅವರು, “ಸರ, ಆ ತಾಮ್ರಾ ತಗದು ನೋಡೀರೇನ್ರಿ?” ಎಂದರು.

ನೋಡಿರಲಿಲ್ಲ. ತೆಗೆದೆ. ಟಿಕ್‌ಟಿಕ್ ಎಳ್ಳಷ್ಟೂ ತಗ್ಗಲಿಲ್ಲ.

“ಹಂಗಾರ ಕಲ್ಲ ಮಾತಾಡಾಕತ್ತೈತಿ ಬಿಡ್ರಿ. ಬ್ಯಾರೆ ಕಲ್ಲಿನ ಊರಿಗಿ ಒಯ್ದು ನೋಡ್ರಿ,” ಎಂದು ಅವರು ಕೈ ಒರೆಸಿಕೊಂಡು ಮೇಲಕ್ಕೆ ಹೋದರು.

ಮರುದಿನ ಬಾದಾಮಿಯಲ್ಲಿ ಮರಳುಗಲ್ಲಿನ ಬಂಡೆಯ ಸಂದಿಯಲ್ಲಿಟ್ಟು ನೋಡಿದೆ. ತಾಮ್ರವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದೂ ಕಾಲೇಜಿಗಿಂತ ಕಡಿಮೆ. ಗ್ರಾನೈಟಿನಲ್ಲಿ ಹುಟ್ಟಿನಿಂದಲೇ ಅಲ್ಪಸ್ವಲ್ಪ ವಿಕಿರಣ ಇರುತ್ತದೆಂದು ಪ್ರತಿ ವರ್ಷ ಪಾಠ ಮಾಡುವವನೂ ನಾನೇ, ಮಾನ್ಯರೇ.

ಸನ್ಮಾನದ ದಿನ ವೇದಿಕೆಯ ಪಕ್ಕದಲ್ಲಿ ಹೊಳಬಸಪ್ಪನವರಿಗೆ ಸತ್ಯ ಹೇಳಿದೆ. “ಹಾರಾ ತಂದಾಗೈತ್ರಿ ಸಂಗಯ್ಯನವರ. ಇವತ್ತೊಂದಿನಾ ಸುಮ್ನ ಕುಂದರ್ರಿ. ಎಲೆಕ್ಟ್ರಾನ್ ಬಂದು ತಕರಾರ ಮಾಡ್ತದೇನು?” ಎಂದರು.

ತಾವು ತಕರಾರು ಮಾಡಲಿಲ್ಲ. ಆ ಸಜ್ಜನಿಕೆಗೆ ನಾನು ಚಿರಋಣಿ. ಆದರೆ ಹಾರ ಕೊರಳಿಗೆ ಬಿದ್ದೊಡನೆ, ನನ್ನ ಮಾತು ನಂಬಿ ಪೂರ್ತಿ ಕೇಳಿಸಿಕೊಂಡ ಕ್ವಾರಿಯ ಆ ಹೆಣ್ಣುಮಗಳ ಮುಖ ನೆನಪಾಯಿತು. ಮೈಕಿನ ಮುಂದೆ ಹೋಗಿ ತಾಮ್ರದ್ದು, ಕಲ್ಲಿನದು, ಅವರ ಪ್ರಶ್ನೆಯದು ಎಲ್ಲವನ್ನೂ ಹೇಳಿ, ಹಾರ ತೆಗೆದು ಮೇಜಿನ ಮೇಲಿಟ್ಟೆ. ಮೊದಲು ಯಾರೋ ಕೆಮ್ಮಿದರು, ಆಮೇಲೆ ಇಡೀ ಸಭೆ ನಕ್ಕಿತು. ಪದವಿ ಬೇರೆಯವರ ಪಾಲಾಯಿತು.

ತಾವು ತಾವಾಗಿಯೇ ಕುಸಿಯುತ್ತೀರೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ನಾನು ಮಾತ್ರ ಅಂದು ನಿಂತಲ್ಲೇ ಕುಸಿದೆ. ಆದರೆ ಇನ್ನೂರು ಜನ ನೋಡುತ್ತಿದ್ದರಾದ್ದರಿಂದ, ಅದು ಆ ಹೊಸ ಸಿದ್ಧಾಂತಕ್ಕೆ ಪುರಾವೆಯಾಗಲಾರದು. ಇನ್ನು ಮುಂದಾದರೂ ಕುಸಿಯುವುದಿದ್ದರೆ ಎಂಟು ದಿನ ಮುಂಚಿತವಾಗಿ ಅರ್ಜಿ ಕೊಟ್ಟು, ರಜೆಯಿಲ್ಲದ ದಿನ, ಹನ್ನೊಂದರಿಂದ ಐದರೊಳಗೆ, ಸಾಕ್ಷಿಗಳಿಲ್ಲದ ಸ್ಥಳದಲ್ಲಿ ನನ್ನೆದುರಿಗೇ ಕುಸಿಯಬೇಕಾಗಿ ಪ್ರಾರ್ಥಿಸುವ,

ಸೋತರೂ ತಮ್ಮ ವಿಶ್ವಾಸಿ,
ಸಂಗಯ್ಯ

ತಾ.ಕ.: ಉತ್ತರವನ್ನು ದಯವಿಟ್ಟು ಒಂದೇ ವಿಳಾಸಕ್ಕೆ ಕಳುಹಿಸಿ. ಏಕಕಾಲಕ್ಕೆ ಇಲ್ಲಿಗೂ ಪಕ್ಕದ ಓಣಿಗೂ ಬಂದರೆ ನಮ್ಮ ಪೋಸ್ಟ್‌ಮನ್ ಅಮಸಿದ್ದಪ್ಪನವರು ಎರಡನ್ನೂ ‘ವಿಳಾಸದಾರರು ಸಿಗಲಿಲ್ಲ’ ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ಅವರು ನನ್ನಷ್ಟು ಓದಿದವರಲ್ಲ, ಸುಲಭವಾಗಿ ಮೋಸಹೋಗುವುದಿಲ್ಲ.