ಎಂಟು ಕಡ್ಡಿಯ ಏಡಿ

"ಒಂದು ವರ್ಷದೊಳಗೆ ಇಡೀ ಬೊಂಬಾಯಿಯನ್ನು ಗಡಗಡ ನಡುಗಿಸದಿದ್ದರೆ ನನ್ನ ಹೆಸರು ಚೆನ್ನಯನೇ ಅಲ್ಲ!"

ಕುರ್ಲಾದ ಚಾಳಿನ ಎರಡನೇ ಮಾಳಿಗೆಯ ಕೋಣೆಯಲ್ಲಿ, ಗಂಜಿಯ ಬಟ್ಟಲ ಮುಂದೆ ಕುಳಿತು, ಎಡಗೈಯಿಂದ ಎದೆ ತಟ್ಟಿಕೊಂಡು ಚೆನ್ನಯ ಈ ಘೋರ ಶಪಥ ಮಾಡಿದ. ಆಕಾಶ ಗುಡುಗಲಿಲ್ಲ. ಹೆಂಡತಿ ಸೇವಂತಿ ಮಾತ್ರ ಮಾವಿನಮಿಡಿ ಬಡಿಸುತ್ತಾ, "ನಡುಗಿಸುವಿರಂತೆ. ಮೊದಲು ಗಂಜಿ ಉಣ್ಣಿ, ಆರಿಹೋಗ್ತದೆ" ಎಂದಳು.

ಬೊಂಬಾಯಿಯನ್ನು ನಡುಗಿಸಹೊರಟ ಈ ವೀರ ಬೈಕುಲ್ಲಾದ ಒಂದು ಕೊಡೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಡೆಗೆ ಬಟ್ಟೆ ಹೊಲಿಯುತ್ತಿದ್ದವನು. ಹುಟ್ಟಿದ್ದು ಮಲ್ಪೆಯ ಕಡಲ ದಂಡೆಯಲ್ಲಿ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ದೋಣಿಯವರು. ಆ ವಂಶದಲ್ಲಿ ಸೂಜಿ ಹಿಡಿದವನು ಇವನೊಬ್ಬನೇ. ಯಾಕೆಂದರೆ ಚೆನ್ನಯನಿಗೆ ಕಡಲೆಂದರೆ ಹೆದರಿಕೆ!

ಅವನಿಗೆ ಒಂಬತ್ತು ವರ್ಷವಿದ್ದಾಗ ಏಡಿಯೊಂದು ಎಡಗಾಲಿನ ಹೆಬ್ಬೆರಳು ಕಚ್ಚಿತ್ತು. ಆಗ ಅವನು ಕಿರುಚಿದ ಕಿರುಚಿಗೆ ಎರಡು ದೋಣಿಗಳು ಬಲೆಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಓಡಿಬಂದಿದ್ದವು. ಒಂದು ದೋಣಿಯಲ್ಲಿದ್ದವನು ಸೇವಂತಿಯ ಅಣ್ಣ ದೂಜ. ಈಗ ಅವನು ಊರಿನ ದೊಡ್ಡ ದೋಣಿಗೆ ತಂಡೇಲ. ಅವನು ಹೇಳಿದಲ್ಲಿ ಇಪ್ಪತ್ತು ಜನ ಹುಟ್ಟು ಹಾಕುತ್ತಾರೆ. ದೋಣಿಗೆ ಎಂಜಿನ್ ನೋಡಲೆಂದು ಆ ಫೆಬ್ರವರಿಯಲ್ಲಿ ಬೊಂಬಾಯಿಗೆ ಬಂದವನು ತಂಗಿಯ ಕೋಣೆಯಲ್ಲೇ ಇಳಿದುಕೊಂಡಿದ್ದ. ಬಂದ ದಿನವೇ ಚಾಳಿನವರನ್ನೆಲ್ಲ ಕೂರಿಸಿಕೊಂಡು ಆ ಕತೆ ಹೇಳಿದ. ಮಾರನೇ ದಿನ, ಮೊದಲ ದಿನ ಬಾರದವರಿಗೆ ಹೇಳಿದ.

"ನಾವು ಹುಲಿಯೋ ಎಂತದೋ ಬಂತು ಅಂತ ಮಾಡಿದೆವು. ಬಂದು ನೋಡಿದರೆ ಏಡಿ! ಎಷ್ಟು ದೊಡ್ಡದು? ಇಕೊಳ್ಳಿ, ಎರಡಾಣೆ ಬಿಲ್ಲೆಯಷ್ಟು!"

ಚಾಳು ನಕ್ಕಿತು. ಚೆನ್ನಯನೂ ನಕ್ಕ. ಒಳಗೆ ಮಾತ್ರ ಸೂಜಿ ಚುಚ್ಚಿದ ಹಾಗಾಯಿತು.

ಅದೇ ವಾರ ಕಾರ್ಖಾನೆಗೆ ನಾಣಿ ಎಂಬ ಮೈಸೂರಿನವರು ಕೊಡೆ ರಿಪೇರಿಗೆ ಬಂದರು. ಬಿಮಾ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು, ಕಡಲಿನ ಪ್ರಾಣಿ ಮನುಷ್ಯರನ್ನು ತಿನ್ನುವ ಮೂರು ಇಂಗ್ಲಿಷ್ ಚಿತ್ರ ನೋಡಿ, ನಾಲ್ಕನೆಯದನ್ನು ತಾನೇ ಹಿಂದಿಯಲ್ಲಿ ತೆಗೆಯುತ್ತೇನೆಂದು ಕೆಲಸ ಬಿಟ್ಟಿದ್ದರು.

"ಇಂಥ ಚಿತ್ರಕ್ಕೆ ಬೇಕಾದ್ದು ಮೂರೇ ಸ್ವಾಮಿ. ಒಂದು ಸಮುದ್ರ, ಒಂದು ಪ್ರಾಣಿ, ಒಂದು ಕಿರುಚೋ ಹುಡುಗಿ. ಸಮುದ್ರ ಪುಕ್ಕಟೆ. ಹುಡುಗಿ ನನ್ನ ತಂಗಿ ವಿಮಲಾ, ಅವಳೂ ಪುಕ್ಕಟೆ. ಪ್ರಾಣಿ ಒಂದೇ ಬಾಕಿ!" ಎಂದವರು ಬಿಚ್ಚಿಟ್ಟ ಕೊಡೆಯನ್ನೇ ನೋಡುತ್ತಾ ನಿಂತರು. "ಅಲ್ರೀ ಚೆನ್ನಯ್ಯ, ಕೊಡೆಗೆ ಎಷ್ಟು ಕಡ್ಡಿ?"

"ಎಂಟು."

"ಏಡಿಗೆ ಎಷ್ಟು ಕಾಲು?"

"ಇಕ್ಕಳದ ಕೈ ಎರಡು ಬಿಟ್ಟರೆ... ಎಂಟು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಜಗತ್ತಿನ ದೊಡ್ಡ ದೊಡ್ಡ ಸಂಶೋಧನೆಗಳೆಲ್ಲ ಹೀಗೇ ಆಗಿರಬೇಕು!

ಶಪಥ ಮಾಡಿದ್ದು ಅಂದೇ. ಏಡಿಗೆ ಹೆದರಿದವನೆಂದು ನಕ್ಕ ದೂಜ, ಈ ಚೆನ್ನಯ ಮಾಡಿದ ಏಡಿಗೆ ಹೆದರಿ ಓಡಬೇಕು. ಚೆನ್ನಯನಿಗೆ ಬೇಕಾಗಿದ್ದುದು ಇಷ್ಟೇ. ಬೊಂಬಾಯಿ ನಡುಗುವುದು ಅದರ ಮೇಲಿನ ತುಪ್ಪ.

ಕೊಡೆಗೆ ಗಿರಾಕಿಯಿಲ್ಲದ ಚಳಿಗಾಲ. ಕಾರ್ಖಾನೆಯಲ್ಲಿ ರಜೆ ಸಿಕ್ಕಿತು, ಜಾಗ ಸಿಗಲಿಲ್ಲ. ಏಡಿ ಕೋಣೆಯಲ್ಲೇ ಹುಟ್ಟಬೇಕಾಯಿತು. ಕೋಣೆ ಹತ್ತಡಿಗೆ ಹನ್ನೆರಡು, ಏಡಿ ಕಾಲು ಬಿಚ್ಚಿದರೆ ಒಂಬತ್ತಡಿ. ಮೊದಲ ದಿನ ಅದು ಮೂಲೆಯಲ್ಲಿತ್ತು, ಮೂರನೇ ದಿನ ಮೂಲೆಯಲ್ಲಿ ಸೇವಂತಿ ಇದ್ದಳು. ಕರಿ ಬಟ್ಟೆಗೆ ಕೆಂಪು ಬಣ್ಣ ಬಳಿದದ್ದು ಒಣಗಲಿಲ್ಲ. ದೂಜ ಹೊರಗೆ ವರಾಂಡದಲ್ಲಿ ಮಲಗಿದ. ಬೆನ್ನಿಗೆ ಅಂಟಿದ ಬಣ್ಣ ಅವನ ಜೊತೆಗೇ ಹೋಯಿತು. ಐದನೇ ದಿನ ತೆಂಗಿನ ಗೆರಟೆಯ ಸೌಟುಗಳು ಎರಡೂ ಕಾಣೆಯಾದವು. ಸೇವಂತಿ ಹುಡುಕಿ ಹುಡುಕಿ, ಕೊನೆಗೆ ತಲೆಯೆತ್ತಿದರೆ, ಸುಣ್ಣ ಬಳಿದುಕೊಂಡ ಸೌಟುಗಳು ಏಡಿಯ ತಲೆಯ ಮೇಲಿಂದ ಅವಳನ್ನೇ ದಿಟ್ಟಿಸುತ್ತಿದ್ದವು!

"ಸಾರು ಎಂತದರಲ್ಲಿ ಬಡಿಸಲಿ?"

"ಲೋಟದಲ್ಲಿ ಬಡಿಸು ಮಾರಾಯ್ತಿ! ಕಲೆಗೆ ಸ್ವಲ್ಪ ತ್ಯಾಗ ಬೇಕು!"

ಸೇವಂತಿ ಒಂಬತ್ತು ದಿನ ಲೋಟದಲ್ಲಿ ಬಡಿಸಿದಳು. ಏಡಿಯನ್ನು ಸುತ್ತು ಬಂದು ನೋಡಿದಳು. ಅವಳೂ ಕಡಲ ದಂಡೆಯವಳೇ.

"ಬೆನ್ನಿನಲ್ಲಿ ನಾಲ್ಕು ತೂತು ಇಡಿ. ನೀವು ಚಿತ್ರ ತೆಗೆಯುವ ವರ್ಸೋವಾ ದಂಡೆಯಲ್ಲಿ ಮಧ್ಯಾಹ್ನ ಮೇಲೆ ಗಾಳಿ ಜೋರುಂಟು. ಗಾಳಿ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಮಗುಚ್ತದೆ."

ಚೆನ್ನಯನಿಗೆ ಬಂತು ನೋಡಿ ಸಿಟ್ಟು! "ತೂತಾ? ಇಪ್ಪತ್ತೆರಡು ವರ್ಷದಲ್ಲಿ ಸೂಜಿಮೊನೆಯಷ್ಟು ತೂತಿರುವ ಕೊಡೆ ನನ್ನ ಕೈಯಿಂದ ಹೊರಗೆ ಹೋದದ್ದಿಲ್ಲ! ಬೇಕಾದರೆ ಒಂದು ಕೊಡಪಾನ ನೀರು ಹೊಯ್ದು ನೋಡು, ಒಂದು ಹನಿ ಸೋರಿದರೆ ಕೇಳು!"

"ಏಡಿ ನೀರಿನಲ್ಲೇ ಇರುವುದಲ್ವಾ? ಅದು ಸೋರಿದರೆಷ್ಟು, ಬಿಟ್ಟರೆಷ್ಟು?" ಎಂದಳು ಸೇವಂತಿ. ಪ್ರಶ್ನೆ ಸರಿಯಾಗಿತ್ತು. ಆದ್ದರಿಂದಲೇ ಚೆನ್ನಯ ಸೂಜಿಗೆ ದಾರ ಪೋಣಿಸತೊಡಗಿದ.

ಭಾನುವಾರ ಬಂತು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ, ಮಡಚಿದರೆ ಕಂಕುಳಲ್ಲಿ ಹಿಡಿಯಬಹುದಾದ ಏಡಿ ಪ್ರಪಂಚದಲ್ಲಿ ಅದೊಂದೇ! ಚೆನ್ನಯ ಅದನ್ನು ಹಿಡಿದು, ಹೆಂಡತಿ ಮತ್ತು ಭಾವನ ಜೊತೆ ಲೋಕಲ್ ಹತ್ತಿದ. ಸಾಯನ್ ದಾಟುತ್ತಲೇ ದಪ್ಪ ಹೊಟ್ಟೆಯ ಸೇಠ್ ಒಬ್ಬರು ಆತುಕೊಂಡರು. ಗುಂಡಿ ಒತ್ತಿಹೋಯಿತು. ಫಟಾರ್! ಎಂಟು ಕಾಲು ಎಂಟು ದಿಕ್ಕಿಗೆ! ಒಂದು ಕಾಲು ಸೇಠರ ಟೋಪಿಯನ್ನು ಹೊತ್ತೊಯ್ದಿತು. ದಾದರ್ ಬರುವಷ್ಟರಲ್ಲಿ ಡಬ್ಬಿಯ ಆ ಭಾಗದಲ್ಲಿ ಇವರು ಮೂವರೇ.

"ನೋಡಿದೆಯಾ! ಎಲ್ಲರೂ ಹೆದರಿ ಓಡಿದರು!" ಎಂದು ಚೆನ್ನಯ ಉಬ್ಬಿದ.

"ಹೆದರಿದ್ದಲ್ಲ, ಕಡ್ಡಿ ಕಣ್ಣಿಗೆ ತಾಗ್ತದೆ ಅಂತ ಎದ್ದುಹೋದದ್ದು. ಹದಿನೇಳು ಜನ. ಅದರಲ್ಲಿ ನಾಲ್ಕು ಜನ ನಿಮ್ಮನ್ನು ಬೈದರು" ಎಂದಳು ಸೇವಂತಿ. ಅವಳ ಲೆಕ್ಕ ಎಂದೂ ತಪ್ಪುವುದಿಲ್ಲ. ಅದೊಂದೇ ಅವಳಲ್ಲಿ ಚೆನ್ನಯನಿಗೆ ಕಂಡ ದೋಷ.

ಭಾವನನ್ನು ಓರೆಗಣ್ಣಿನಿಂದ ನೋಡಿದ. ದೂಜ ಹೆದರಿರಲಿಲ್ಲ. ಸೇಠರ ಟೋಪಿಯನ್ನು ಏಡಿಯ ಕಾಲಿನಿಂದ ಬಿಡಿಸುತ್ತಾ, "ಭಾವ, ಇದರ ಒಳಗೆ ನೀವು ಹೋಗುವುದಾ? ಅದಕ್ಕೆ ಹೆದರಿಕೆ ಆದೀತು!" ಎಂದ.

ವರ್ಸೋವಾದ ಮರಳಿನಲ್ಲಿ ಕ್ಯಾಮೆರಾ ಕಾಯುತ್ತಿತ್ತು. ಸದ್ದು ಹಿಡಿಯುವ ಮೈಕನ್ನು ಬಿದಿರು ಕೋಲಿಗೆ ಕಟ್ಟಿ ನೆಟ್ಟಿದ್ದರು. ಚೆನ್ನಯ ಏಡಿಯೊಳಗೆ ಹೊಕ್ಕು, ಕೈ ಜಾರಬಾರದೆಂದು ಕೊಡೆಯ ಕಂಬಕ್ಕೆ ತನ್ನ ಮಣಿಕಟ್ಟನ್ನು ಕಟ್ಟಿಕೊಂಡ. ಒಣ ಮರಳಿನಲ್ಲಿ ಮಾತ್ರ ನಡೆಯುವುದೆಂದು ಮಾತಾಗಿತ್ತು. ಆದರೆ ನಾಣಿಯವರು ತಲೆಯಾಡಿಸಿದರು.

"ಒಣಗಿದ ಜಾಗದಲ್ಲಿ ಬಿಸಿಲು ಕಾಯಿಸ್ತಾ ಕೂತಿರೋ ಏಡಿಗೆ ಯಾರ್ರೀ ಹೆದರ್ತಾರೆ? ಸಮುದ್ರದಿಂದ ಎದ್ದು ಬರ್ಬೇಕು! ಒಂದೇ ಒಂದು ಮೊಳಕಾಲು ನೀರು, ಅಷ್ಟೇ!"

ದೂಜ ನೋಡುತ್ತಿದ್ದ. ಬೇರೆ ಯಾರಾದರೂ ನೋಡುತ್ತಿದ್ದರೆ ಚೆನ್ನಯ ಮನೆಗೆ ಹೋಗುತ್ತಿದ್ದ. ಇವನು ನೋಡುತ್ತಿದ್ದುದರಿಂದ, ಏಡಿ ಕಚ್ಚಿದ ಆ ದಿನದ ಮೇಲೆ ಮೊದಲ ಸಲ, ಕಡಲಿಗೆ ಕಾಲಿಟ್ಟ.

"ವಿಮಲಾ, ಕಿರುಚು!"

ಶೀತ ಹಿಡಿದಿದ್ದ ವಿಮಲಾ ಏಡಿಯ ಸೌಟುಗಣ್ಣು ನೋಡಿ ಕಿಸಕ್ಕನೆ ನಕ್ಕಳು, ಆಮೇಲೆ ಸೀನಿದಳು.

"ಕಿರುಚಮ್ಮಾ! ಬೆಕ್ಕು ಹಾಲು ಕೇಳಿದ ಹಾಗಿದೆ!"

ಎರಡನೇ ಸಲ, ಮೂರನೇ ಸಲ... ಏಳನೇ ಸಲಕ್ಕೆ ಮೂರು ಗಂಟೆಯಾಯಿತು. ಸೇವಂತಿ ಹೇಳಿದ್ದ ಗಾಳಿ, ಅವಳು ಹೇಳಿದ್ದ ಹೊತ್ತಿಗೆ, ಹೇಳಿದ್ದಷ್ಟೇ ಜೋರಾಗಿ ಬಂತು. ಒಂದು ತೂತೂ ಇಲ್ಲದ ಆ ಘನ ಕುಶಲ ಕೈಗೆಲಸದ ಬೆನ್ನಿನೊಳಗೆ ಹೊಕ್ಕ ಗಾಳಿಗೆ ಹೊರಬರಲು ದಾರಿಯೇ ಸಿಗಲಿಲ್ಲ. ಏಡಿ ಒಮ್ಮೆ ಉಬ್ಬಿತು, ಒಮ್ಮೆ ನಿಟ್ಟುಸಿರು ಬಿಟ್ಟಿತು, ಫಳಾರನೆ ಒಳಗಿದ್ದದ್ದು ಹೊರಗಾಗಿ ಮಗುಚಿತು. ಎಂಟು ಕಾಲೂ ಆಕಾಶಕ್ಕೆ! ಕಂಬಕ್ಕೆ ಕೈ ಕಟ್ಟಿಕೊಂಡಿದ್ದ ಚೆನ್ನಯ ಅದರ ಜೊತೆಗೇ ಬಿದ್ದ. ತೆರೆಯೊಂದು ಬಂದು ಮಗುಚಿದ ಏಡಿಯನ್ನು ಬೋಗುಣಿಯಂತೆ ತುಂಬಿಸಿತು. ಒಂದು ಹನಿಯೂ ಸೋರಲಿಲ್ಲ! ಹಿಂದಿರುಗುವಾಗ ತೆರೆ ಏಡಿಯನ್ನೂ ಏಡಿಯ ಕರ್ತನನ್ನೂ ಕಡಲಿನೊಳಕ್ಕೆ ದರದರ ಎಳೆಯತೊಡಗಿತು.

ಆಗ ಚೆನ್ನಯ ಕಿರುಚಿದ.

ದೂಜ ಪಂಚೆ ಎತ್ತಿ ಕಟ್ಟಿ ನೀರಿಗೆ ಹಾರಿದ. ಸೇವಂತಿಯೂ ಸೀರೆ ಬಿಗಿದು ಓಡಿದಳು. ಅಣ್ಣ ತಂಗಿ ಇಬ್ಬರಿಗೂ ಏಡಿ ಹಿಡಿಯುವ ಕ್ರಮ ಗೊತ್ತು: ಎದುರಿನಿಂದಲ್ಲ, ಹಿಂದಿನಿಂದ. ದೂಜ ಹಿಂಗಾಲು ಹಿಡಿದು ಎಳೆದ, ಸೇವಂತಿ ಗಂಡನ ಕಾಲು ಹಿಡಿದು ಎಳೆದಳು. ಮರಳಿಗೆ ಬಂದಾಗ ಚೆನ್ನಯ ಕಣ್ಣು ಮುಚ್ಚಿಕೊಂಡು ಇನ್ನೂ ಕಿರುಚುತ್ತಲೇ ಇದ್ದ.

"ಇನ್ನೆಂತ ಆಯ್ತು? ದಡಕ್ಕೆ ಬಂತಲ್ಲ!" ಎಂದ ದೂಜ, ಏಡಿಯೊಳಗಿನ ನೀರು ಚೆಲ್ಲುತ್ತಾ.

ಏನಾಯಿತೆಂದು ಸೇವಂತಿಗೆ ಕಂಡಿತು. ಚೆನ್ನಯನ ಎಡಗಾಲಿನ ಹೆಬ್ಬೆರಳಿಗೆ ಒಂದು ನಿಜವಾದ ಏಡಿ ನೇತಾಡುತ್ತಿತ್ತು. ಎರಡಾಣೆ ಬಿಲ್ಲೆಗಿಂತಲೂ ಸ್ವಲ್ಪ ಸಣ್ಣದೇ.

ಅಣ್ಣ ಬೆನ್ನು ತಿರುಗಿಸಿದ್ದ. ಅವಳು ಅದನ್ನು ಹಿಂದಿನಿಂದ ಹಿಡಿದು, ಮೆಲ್ಲಗೆ ಬಿಡಿಸಿ, ಸೆರಗಿನೊಳಗೆ ಮುಷ್ಟಿ ಮಾಡಿಕೊಂಡು ಹೋಗಿ, ಕಡಲಿಗೆ ಬಿಟ್ಟು ಬಂದಳು. ಗಂಡನ ಬೆರಳಿಗೆ ಒದ್ದೆ ಮರಳು ಮೆತ್ತಿ, "ಉಪ್ಪು ನೀರು ಕುಡಿದಿದ್ದಾರೆ. ಅಷ್ಟೆ" ಎಂದಳು ಎಲ್ಲರಿಗೂ ಕೇಳುವಂತೆ. ಚೆನ್ನಯ ಅವಳ ಮುಖ ನೋಡಿದ. ಮನೆಗೆ ಹೋದ ಮೇಲೆ ಸೌಟುಗಳನ್ನು ತೊಳೆದು ಮೊಳೆಗೆ ತೂಗಿಹಾಕಿದ.

ಹನ್ನೊಂದು ತಿಂಗಳ ಮೇಲೆ ಚಿತ್ರ ಬಂತು. ದೂಜ ಎಂಜಿನ್ ಒಯ್ಯಲು ಬಂದವನು ಅವರ ಜೊತೆ ನೋಡಲು ಕುಳಿತ. ತೆರೆಯ ಮೇಲೆ ಏಡಿ ಕಾಣುತ್ತಲೇ ಹಿಂದಿನಿಂದ ಯಾರೋ, "ಅರೇ, ಛತ್ರಿ!" ಎಂದು ಕೂಗಿದರು. ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚೆನ್ನಯ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಮಡಚಿದ ಕೊಡೆಯಷ್ಟಾದ. ಶಪಥ ಮುಳುಗಿತು!

ಆಗ ತೆರೆಯ ಮೇಲಿನ ವಿಮಲಾ ಬಾಯಿ ತೆರೆದಳು. ಬಂದದ್ದು ಸೀನಲ್ಲ, ಬೆಕ್ಕಿನ ಸ್ವರವೂ ಅಲ್ಲ. ಅದೊಂದು ಭಯಂಕರ ಕಿರುಚು! ನಗು ಕತ್ತರಿಸಿದಂತೆ ನಿಂತಿತು. ಮುಂದಿನ ಸಾಲಿನ ಹೆಂಗಸು ಮಗುವನ್ನು ಅಪ್ಪಿಕೊಂಡಳು. ಯಾರದೋ ಕಡಲೆಕಾಯಿ ನೆಲಕ್ಕೆ ಸುರಿಯಿತು. ಕಡಲಿಗೆ ಹೆದರದ ದೂಜ ತಂಡೇಲನ ಕೈ ಬಂದು ಚೆನ್ನಯನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನಾಣಿಯವರು ಆ ಕಿರುಚನ್ನು ಚಿತ್ರದಲ್ಲಿ ಆರು ಕಡೆ ಸೇರಿಸಿದ್ದರು. ಆರು ಸಲವೂ ಬೊಂಬಾಯಿ ನಡುಗಿತು.

ಚೆನ್ನಯನ ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿ ಮಡಚಿಕೊಂಡಿತು.

ಹೊರಗೆ ಬಂದಾಗ ದೂಜ ಬೆವರು ಒರೆಸಿಕೊಳ್ಳುತ್ತಿದ್ದ. "ಏಡಿ ಬಿಡಿ ಭಾವ, ಅದು ಕೊಡೆಯೇ. ಆದರೆ ಆ ಹುಡುಗಿಯ ಕಿರುಚು! ಅಬ್ಬಬ್ಬಾ, ನನ್ನ ಎದೆ ಇನ್ನೂ ಹೊಡಿತಾ ಉಂಟು. ಆ ಸ್ವರ ಯಾರದ್ದು ಮಾರಾಯ್ರೆ? ಅವತ್ತು ಬೀಚಿನಲ್ಲಿ ಅವಳು ಸೀನಿದ್ದಲ್ವಾ?"

ಚೆನ್ನಯ ಹೆಂಡತಿಯನ್ನು ನೋಡಿದ. ಜನ್ಮದಲ್ಲಿ ಒಂದು ಲೆಕ್ಕ ತಪ್ಪಿ ಹೇಳದವಳು!

"ಬೇರೆ ಯಾರದ್ದೋ ಸ್ವರ ಹಾಕಿದ್ದಾರಂತೆ. ನಮ್ಮೂರ ಕಡೆಯವರದ್ದೇ ಅಂತೆ" ಎಂದಳು ಸೇವಂತಿ, ಸೆರಗು ಸರಿಮಾಡಿಕೊಂಡು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

"ಹೌದೌದು. ಎಲ್ಲೋ ಕೇಳಿದ ಸ್ವರ" ಎಂದ ದೂಜ. ಆಮೇಲೆ ಮಾತಾಡಲಿಲ್ಲ. ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗಲೂ ಇಲ್ಲ, ಲೋಕಲ್‌ನಲ್ಲಿ ನಿಂತಾಗಲೂ ಇಲ್ಲ. ಗೆದ್ದೆನೆಂದು ಚೆನ್ನಯನ ಎದೆ ಮೆಲ್ಲಮೆಲ್ಲನೆ ಉಬ್ಬತೊಡಗಿತು. ಕುರ್ಲಾ ಬಂತು. ಇಳಿಯಲು ಕಾಲೆತ್ತಿದಾಗ ದೂಜ ಅವನ ಕಿವಿಯ ಹತ್ತಿರ ಬಾಗಿ, ಬಹಳ ಮರ್ಯಾದೆಯಿಂದ, ಸಣ್ಣ ಸ್ವರದಲ್ಲಿ ಕೇಳಿದ:

"ಭಾವ, ಈ ಸಲ ಯಾವ ಕಾಲು?"