ಪೈಲ್ವಾನನ ತಲೆಯೂ ನನ್ನ ಮೀನೆಣ್ಣೆ ಗುಳಿಗೆಯೂ

ಔಷಧದ ಬ್ಯಾಗು ಹೆಗಲಿಗೇರಿಸಿಕೊಂಡು ಲಾತೂರಿನಿಂದ ಲುಸಾಕಾದವರೆಗೆ ಅಲೆದವಳು ನಾನು. ಗುಳಿಗೆ ಕೊಟ್ಟರೆ ಎಲ್ಲ ದೇಶದವರೂ ನುಂಗುತ್ತಾರೆ. ಹುಮನಾಬಾದ್, ಬಸವಕಲ್ಯಾಣದ ಸೀಮೆಯವರು ಹಾಗಲ್ಲ. ನುಂಗುವುದೊಂದನ್ನು ಬಿಟ್ಟು ಅದಕ್ಕೆ ಬೇರೆ ಎಲ್ಲ ಉಪಯೋಗ ಕಂಡುಹಿಡಿಯುತ್ತಾರೆ. ತೊಂಬತ್ತರ ದಶಕದಲ್ಲಿ ಅಲ್ಲಿ ಟಾನಿಕ್ಕು, ಪ್ರೋಟೀನ್ ಪುಡಿ ಮಾರುತ್ತಿದ್ದಾಗ ನೋಡಿದ್ದು ಇದು.

1. ಲೆಕ್ಕ ಸರಿ ಅದ

ಹುಮನಾಬಾದಿನ ಔಷಧದ ಅಂಗಡಿಯಲ್ಲಿ ನಿಂತು, "ಈ ಮೀನೆಣ್ಣಿ ಗುಳಿಗಿ ಮಿದುಳಿಗಿ ಭಾಳ ಛಲೋ ನೋಡ್ರಿ" ಎಂದುಬಿಟ್ಟೆ. ಮಾರುವವರ ಬಾಯಿ ಅದು, ಲಗಾಮು ಇಲ್ಲ. ಪಕ್ಕದಲ್ಲಿ ಮೋರಖಂಡಿಯ ಪೈಲ್ವಾನನೊಬ್ಬ ನಿಂತಿದ್ದ. ಎರಡು ದಿನದ ಹಿಂದೆ ತಾಲೀಮಿನಲ್ಲಿ ತಲೆ ಅಡಿಯಾಗಿ ಬಿದ್ದು, ಎದ್ದವನೇ ತನ್ನ ಉಸ್ತಾದರನ್ನು "ನೀವು ಯಾರ್ರಿ?" ಎಂದು ಕೇಳಿದ್ದನಂತೆ. ಡಾಕ್ಟರು ಮೂರು ವಾರ ಕುಸ್ತಿ ಬೇಡ ಎಂದಿದ್ದರು. ಇವನಿಗೆ ಹತ್ತೇ ದಿನದಲ್ಲಿ ದೊಡ್ಡ ಕುಸ್ತಿ.

"ಅಕ್ಕೋರ, ದಿನಕ್ಕ ಎಷ್ಟು ನುಂಗಬೇಕ್ರಿ?"

"ಎರಡು. ಆದ್ರ ಗುಳಿಗಿ ನುಂಗಿ ಕುಸ್ತಿ ಹಿಡೀಬ್ಯಾಡಪ್ಪಾ. ಮಾಯೂದ್ರಾಗ ಮತ್ತ ಪೆಟ್ಟು ಬಿದ್ರ ಜೀವಕ್ಕ ಕುತ್ತು."

"ದಿನಕ್ಕ ಎರಡು ನುಂಗಿದ್ರ ಮೂರು ವಾರ. ಇಪ್ಪತ್ತು ನುಂಗಿದ್ರ ಎರಡೇ ದಿನ. ಸರಿ ಅದ ಅಲ್ರಿ?"

ತಲೆಗೆ ಪೆಟ್ಟು ಬಿದ್ದವನ ಲೆಕ್ಕ ನನ್ನದಕ್ಕಿಂತ ಚುರುಕಾಗಿತ್ತು. ಗುಳಿಗೆ ಡಬ್ಬಿ ಕೊಂಡು ಹೊರಟೇಬಿಟ್ಟ. ಅವತ್ತೇ ನಿಶ್ಚಯಿಸಿದೆ: ನನ್ನ ಮಾತು ನಂಬಿ ಈ ಹುಡುಗ ಮಣ್ಣಿಗಿಳಿಯಬಾರದು. ಏನೇ ಆಗಲಿ.

2. ಪ್ರಧಾನಿ ಯಾರು?

ಮರುದಿನ ಅವನನ್ನು ಬಸ್ಸಿಗೆ ಹತ್ತಿಸಿ, ಮೂರು ವಾರ ಹೇಳಿದ್ದ ಬಸವಕಲ್ಯಾಣದ ಡಾಕ್ಟರ ಎದುರೇ ಕೂರಿಸಿದೆ. ಜೊತೆಗೆ ಉಸ್ತಾದರು, ಅವನ ಅಜ್ಜಿ.

"ಇವತ್ತ ಯಾವ ವಾರ?" ಎಂದರು ಡಾಕ್ಟರು.

"ಬುಧವಾರ್ರಿ!" ಎಂದು ಮೂವರೂ ಕೂಗಿದರು, ಪೈಲ್ವಾನನೊಬ್ಬನನ್ನು ಬಿಟ್ಟು. ಮೂರನೆಯವಳು ನಾನೇ.

"ಸುಮ್ನಿರ್ರಿ, ನಾ ಅವನ್ನ ಕೇಳಾಕತ್ತೀನಿ. ದೇಶದ ಪ್ರಧಾನಿ ಯಾರಪಾ?"

ಅಜ್ಜಿಯೇ ಬಾಯಿ ಹಾಕಿದಳು: "ಮೊನ್ನಿನವರೋ, ಇವತ್ತಿನವರೋ?"

ಪ್ರಧಾನಿಗಳು ಒಬ್ಬರ ಹಿಂದೊಬ್ಬರು ಬದಲಾಗುತ್ತಿದ್ದ ಕಾಲ. ಡಾಕ್ಟರು ಕಂಪೌಂಡರನ ಮುಖ ನೋಡಿದರು. ಕಂಪೌಂಡರ್ ಪೇಪರ್ ತರಲು ಹೋದ. ಪೇಪರ್ ನೋಡಿದ ಮೇಲೆ ಡಾಕ್ಟರು, "ಮೂರು ವಾರ ಅಂದ್ರ ಮೂರು ವಾರ" ಎಂದರು.

ಹೊರಗೆ ಬಂದು ಪೈಲ್ವಾನ ಗೊಣಗಿದ: "ಪೇಪರ್ ನೋಡ್ದವ್ರು ಅವರು, ಕುಸ್ತಿ ಬಂದ್ ನನಗ!"

3. ಎಮ್ಮೆಯ ಖುರಾಕ್

ಅವನ ಮನಸ್ಸು ತಿರುಗಲಿ ಎಂದು ಒಂದು ಡಬ್ಬಿ ಪ್ರೋಟೀನ್ ಪುಡಿ ಪುಕ್ಕಟೆ ಕೊಟ್ಟು, "ಇದು ಕುಡಕೋತ ಸುಮ್ನ ಮನ್ಯಾಗ ಕೂಡು" ಎಂದಿದ್ದೆ. ಐದು ದಿನ ಬಿಟ್ಟು ಮೋರಖಂಡಿಗೆ ಹೋದರೆ ಡಬ್ಬಿ ಖಾಲಿ.

"ಎಲ್ಲಾ ಕುಡದ್ನೇನಬೇ?"

"ಅವಗ ಆ ಪುಡಿ ಸೇರವಲ್ದು" ಎಂದಳು ಅಜ್ಜಿ. "ಹಿಂಡ್ಯಾಗ ಕಲಸಿ ಎಮ್ಮಿಗಿ ಇಟ್ಟೀನಿ. ಎಮ್ಮಿ ತಿಂತದ, ಇಂವ ಹಾಲು ಕುಡೀತಾನ. ತಾಕತ್ ಮನಿ ಬಿಟ್ಟು ಎಲ್ಲಿ ಹೋಗ್ತದ?"

ಎಮ್ಮೆ ನನ್ನನ್ನೇ ದಿಟ್ಟಿಸುತ್ತಿತ್ತು. ತೊಡೆ ತಟ್ಟುವುದೊಂದು ಬಾಕಿ.

4. ಒಂದೂ ಇಲ್ಲ

ಕುಸ್ತಿಯ ದಿನ ಹುಮನಾಬಾದಿಗೆ ಓಡಿದೆ. ಕಣಕ್ಕೆ ಹೆಂಗಸರು ಇಳಿಯಬಾರದಂತೆ. ಬೇಕಾದರೆ ನಡುವೆ ಹೋಗಿ ಕೂತೇಬಿಡುವುದೆಂದು ಸೆರಗು ಬಿಗಿದೆ. ಅಷ್ಟರಲ್ಲಿ ನಮ್ಮವನು ಲಂಗೋಟಿ ಕಟ್ಟಿ ಮಣ್ಣಿಗಿಳಿದಿದ್ದ. ಎದುರಾಳಿ ಬಂದು ಕೈ ಕುಲುಕಿದ, ಕುತ್ತಿಗೆಗೆ ಕೈ ಹಾಕಿದ, ಹಣೆಗೆ ಹಣೆ ತಂದ. ತಂದವನೇ ಮೂಗು ಮುಚ್ಚಿಕೊಂಡು ಹತ್ತು ಮಾರು ಹಿಂದೆ ಸರಿದ.

"ಉಸ್ತಾದ್, ಇಂವನ್ನ ಹಿಡಿಯೋದು ನಮ್ಮಿಂದ ಆಗಲ್ರಿ!"

ಎರಡನೆಯವನು ಬಂದ, ಅವನೂ ವಾಂತಿ ತಡೆದುಕೊಂಡು ವಾಪಸ್. ಮೂರನೆಯವನು ಬರಲೇ ಇಲ್ಲ. ಉಸ್ತಾದರು ಟವೆಲಿನಿಂದ ಮೂಗು ಮುಚ್ಚಿಕೊಂಡೇ ಕುಸ್ತಿ ರದ್ದು ಎಂದರು.

ಪಕ್ಕದಲ್ಲಿದ್ದ ಅಜ್ಜಿಯನ್ನು, "ಏನ್ ಮಾಡೀಯಬೇ?" ಎಂದೆ.

"ನಾವು ಲಿಂಗ ಕಟ್ಟಿದವರು, ಮೀನು ಹೊಟ್ಟಿಗಿ ನಡ್ಯಂಗಿಲ್ಲ. ಪೆಟ್ಟು ಬಿದ್ದದ್ದೂ ತಲಿಗೇ ಅಲ್ಲೇನು? ದಿನಾ ಹತ್ತು ಗುಳಿಗಿ ಸೂಜೀಲೆ ಚುಚ್ಚಿ ಎಣ್ಣಿ ತಗದು ತಲಿಗಿ ತಿಕ್ಕಾಕತ್ತೀನಿ. ಆ ನಾತಕ್ಕ ಮನ್ಯಾಗೂ ಬಿಟ್ಕೊಂಡಿಲ್ಲ, ಹೊರಗ ಕಟ್ಟಿ ಮ್ಯಾಲ ಮಲಗ್ತಾನ."

ಅಂತೂ ಮೂರು ವಾರ ಅವನನ್ನು ಯಾರೂ ಮುಟ್ಟಲಿಲ್ಲ. ಮತ್ತೆ ಪರೀಕ್ಷಿಸಿದ ಡಾಕ್ಟರಿಗೆ ಅಚ್ಚರಿಯೋ ಅಚ್ಚರಿ: ತಲೆನೋವಿಲ್ಲ, ಕಣ್ಣುಕತ್ತಲಿಲ್ಲ, ಪ್ರಧಾನಿಯ ಹೆಸರೂ ಬಾಯಿಪಾಠ.

"ಭೇಷ್! ಇವನ ತಲಿ ಉಳಿಸಿದ್ದು ಏನ್ರಿ ಮೇಡಂ?"

"ನಮ್ಮ ಕಂಪನಿ ಮೀನೆಣ್ಣಿ ಗುಳಿಗಿ" ಎಂದೆ ಹೆಮ್ಮೆಯಿಂದ.

"ಹೌದಾ! ಎಷ್ಟು ನುಂಗಿದ?"

"ಒಂದೂ ಇಲ್ರಿ."